ಅನಾಥನ ಕೋಟು

ಪ್ರಪಂಚದಲ್ಲಿ ಕನ್ನಡ ಲಿಪಿಯಲ್ಲಿ ಬರೆಯಲಾಗದ ಶಬ್ದವೇ ಇಲ್ಲ ಎಂದು ನಾನು ಬಲವಾಗಿ ನಂಬಿದ್ದ ಕಾಲ ಅದು. ಬರೆಯುವುದೊಂದು, ಓದುವುದೊಂದು ಎಂಬ ಇಂಗ್ಲಿಷಿನ ಕಳ್ಳಾಟ ನಮ್ಮಲ್ಲಿಲ್ಲ. ಕಿವಿಗೆ ಬಿದ್ದದ್ದನ್ನು ಬರೆ, ಬರೆದದ್ದನ್ನು ಓದು. ಅಷ್ಟೆ. ಮೈಸೂರಿನಿಂದ ಆಸ್ಟಿನ್‌ಗೆ ಬಂದ ಹೊಸತರಲ್ಲಿ ಅಲ್ಲಿನ ಸ್ಪ್ಯಾನಿಷ್ ಬೀದಿಗಳ ಹೆಸರನ್ನೆಲ್ಲ ಕನ್ನಡದಲ್ಲಿ ಬರೆದುಕೊಂಡು ಶುದ್ಧವಾಗಿ ಕಲಿತಿದ್ದೆ. ‘ಗ್ವಾಡಲೂಪೆ ಎಲ್ಲಿದೆ?’ ಎಂದು ಕೇಳಿದರೆ ಆ ಊರಿನ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಅದನ್ನು ‘ಗ್ವಾಡಲೂಪ್’ ಎನ್ನುತ್ತಿದ್ದರು. ದಾರಿ ತಪ್ಪಿದವನು ನಾನೇ ಆದರೂ ತಪ್ಪು ಅವರದು ಎಂಬ ಸಮಾಧಾನ ನನಗಿತ್ತು.

ಇಂಥ ನಾನು ಒಂದು ಶನಿವಾರ ಮಧ್ಯಾಹ್ನ ನನ್ನ ಮನೆಯಲ್ಲೇ, ನನ್ನ ಬಾಸಿನ ಎದುರಿಗೇ ಎದ್ದು ನಿಂತು ಒಂದು ಹಾಡು ಹಾಡಿದೆ. ಅದಕ್ಕೆ ಮುಂಚೆ ನಾನು ಹೊರಗಿನವರ ಮುಂದೆ ಹಾಡಿದವನಲ್ಲ. ಅದರ ನಂತರ ಮನೆಯವರ ಮುಂದೆಯೂ ಹಾಡಿಲ್ಲ.

ಅಮೆರಿಕದಲ್ಲಿ ಬ್ಯಾಂಕುಗಳು ಒಂದರ ಹಿಂದೆ ಒಂದು ಮಗುಚಿಕೊಳ್ಳುತ್ತಿದ್ದ ವರ್ಷ ಅದು. ನಾನು ಕೆಲಸ ಮಾಡುತ್ತಿದ್ದದ್ದು ಚಿಪ್ ಕಾರ್ಖಾನೆಗಳ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವ ಒಂದು ಸಣ್ಣ ಕಂಪನಿಯಲ್ಲಿ. ಅದನ್ನು ಕೊರಿಯಾದ ಇನ್ನೊಂದು ಸಣ್ಣ ಕಂಪನಿ ಕೊಂಡುಕೊಂಡಿತು. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂದು ತೂಗಿ ನೋಡಲು ಸಿಯೋಲ್‌ನಿಂದ ಒಬ್ಬ ಮ್ಯಾನೇಜರನ್ನು ಕಳಿಸಿತು. ನನ್ನ ಗ್ರೀನ್ ಕಾರ್ಡ್ ಅರ್ಜಿ ಆಗ ಅರ್ಧ ದಾರಿಯಲ್ಲಿತ್ತು. ಲಿಯಾಂಡರ್‌ನಲ್ಲಿ ಕೊಂಡ ಹೊಸ ಮನೆಯ ಮುಂದೆ ಹಾಸಿದ ಹುಲ್ಲು ಇನ್ನೂ ಬೇರು ಬಿಟ್ಟಿರಲಿಲ್ಲ. ಕೆಲಸ ಹೋದರೆ ಹುಲ್ಲನ್ನು ಅದರ ಪಾಡಿಗೆ ಬಿಟ್ಟು ನಾವು ಗಂಟುಮೂಟೆ ಕಟ್ಟಬೇಕಿತ್ತು.

ಬಂದ ಮ್ಯಾನೇಜರರ ಹೆಸರು ಮಿಸ್ಟರ್ ನಮ್. ಬೇರೆ ಭಾಷೆಯವರಿಗೆ ಅದೊಂದು ಹೆಸರು. ನನ್ನ ಹೆಂಡತಿ ವೀಣಾಗೆ ಅದೊಂದು ಶುಭಶಕುನ. ಅವಳು ಧಾರವಾಡದವಳು.

“ನಮ್ ಅಂದ್ಮ್ಯಾಲ ನಮ್ಮವ್ರ ಆತಲ್ರಿ,” ಎಂದಳು. “ಊಟಕ್ಕ ಕರೀರಿ ಅವ್ರನ್ನ. ನಮ್ಮನ್ಯಾಗ ಉಂಡು ಹೋದ ಮನಷಾ ನಮ್ಮ ಹೊಟ್ಟಿ ಮ್ಯಾಲ ಹೊಡ್ಯಾಂಗಿಲ್ಲ.”

ಆದರೆ ನಮ್ ಸಾಹೇಬರು ಅಷ್ಟು ಸುಲಭದ ಆಸಾಮಿಯಾಗಿರಲಿಲ್ಲ. ತೆಳ್ಳಗೆ, ನೆಟ್ಟಗೆ, ಇಸ್ತ್ರಿ ಮಾಡಿದಂತೆ ಇದ್ದರು. ಅಂಗಿ ಮಾತ್ರವಲ್ಲ, ಮುಖಕ್ಕೂ ಇಸ್ತ್ರಿ. ಅವರಿಗೆ ಸಂತೋಷವಾಗಿದೆಯೋ ಸಿಟ್ಟು ಬಂದಿದೆಯೋ ತಿಳಿಯುವಂತೆಯೇ ಇರಲಿಲ್ಲ. ಬಂದ ಮೊದಲ ವಾರ ನನ್ನ ಬಳಿ ನಿಂತು, ಪಕ್ಕದ ಸೀಟಿನ ವೆಂಕಟರಾವ್ ಕಡೆ ನೋಡಿ, “ನೀವಿಬ್ಬರೂ ಒಂದೇ ಭಾಷೆಯವರಾ?” ಎಂದು ಕೇಳಿದರು.

ವೆಂಕಟರಾವ್ ತೆಲುಗಿನವನು. ನನಗೆ ರೋಷ ಬಂತು. ನಾನು ಮೀಟಿಂಗ್ ರೂಮಿನ ಬಿಳಿ ಬೋರ್ಡಿನ ಮೇಲೆ ಕನ್ನಡದ ‘ಕ’ ಬರೆದೆ, ತೆಲುಗಿನ ‘ಕ’ ಬರೆದೆ. ಎರಡರ ತಲೆಕಟ್ಟಿನ ವ್ಯತ್ಯಾಸ ತೋರಿಸಿದೆ. ಕನ್ನಡಕ್ಕೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ ಎಂದೆ. ಹೊರಗಿನವರು ಎರಡನ್ನೂ ಒಂದೇ ಎಂದುಕೊಳ್ಳುವುದು ನಮಗೆ ಎಷ್ಟು ನೋವಿನ ವಿಷಯ ಎಂದು ಕೈ ಆಡಿಸಿ ವಿವರಿಸಿದೆ.

ನಮ್ ಸಾಹೇಬರು ಎಲ್ಲ ಕೇಳಿಸಿಕೊಂಡರು. “ಸರಿ. ಒಂದೇ ಅಲ್ಲ,” ಎಂದರು. ಹೋದರು.

ಈ ಭಾಷಣದಿಂದ ನನ್ನ ಬೆಲೆ ಏರಿತೋ ಇಳಿಯಿತೋ ತಿಳಿಯದೆ ನಾನು ಸತ್ಯಪ್ರಕಾಶನ ಸಲಹೆ ಕೇಳಿದೆ. ಸತ್ಯಪ್ರಕಾಶ ನಮ್ಮ ಆಫೀಸಿನಲ್ಲಿ ಲೇಆಫ್ ವಿಷಯದ ಪಂಡಿತ. ಟೆಲಿಕಾಂ ಮುಳುಗಿದಾಗ ರಿಚರ್ಡ್‌ಸನ್‌ನಲ್ಲಿ ಒಂದು ಕೆಲಸ ಕಳೆದುಕೊಂಡು, ಹ್ಯೂಸ್ಟನ್‌ನಲ್ಲಿ ಇನ್ನೊಂದು ಕಳೆದುಕೊಂಡು, ಮೂರನೆಯದನ್ನು ಕಳೆದುಕೊಳ್ಳಲು ಆಸ್ಟಿನ್‌ಗೆ ಬಂದವನಂತೆ ಮಾತಾಡುತ್ತಿದ್ದ. ಕಂಪನಿ ಕೈ ಬದಲಾದ ಮೇಲೆ ಟ್ರೇನಿಂಗ್ ಎಂದು ಕೆಲವು ದಿನ ಕೊರಿಯಾಕ್ಕೂ ಹೋಗಿ ಬಂದಿದ್ದ.

“ಊಟಕ್ಕೆ ಕರೆಯೋದು ಒಳ್ಳೇದೇ,” ಎಂದ. “ಆದ್ರೆ ಅಲ್ಲಿ ಊಟ ಒಂದೇ ಸಾಲಲ್ಲ ಮೋಹನಾ. ಊಟ ಆದ್ಮೇಲೆ ಎಲ್ರೂ ಹಾಡ್ತಾರೆ. ದೊಡ್ಡ ದೊಡ್ಡ ಆಫೀಸರ್ಸೆಲ್ಲಾ ಮೈಕ್ ಹಿಡ್ಕೊಂಡು ಹಾಡ್ತಾರೆ. ಹಾಡದೇ ಇರೋನ್ನ ಅವರು ನಂಬಲ್ಲ.”

“ನೀನು ಹಾಡಿದ್ಯಾ?”

“ನಾನು ಹಾಡ್ಲಿಲ್ಲ. ಅದಕ್ಕೇ ನೋಡು, ನನ್ನ ಪ್ರಮೋಷನ್ ಹಾಗೇ ನಿಂತಿದೆ.”

ಆ ಸಂಜೆಯಿಂದಲೇ ನನಗೆ ಒಂದು ಕೊರಿಯನ್ ಹಾಡು ಬೇಕಾಯಿತು. ಅದು ಎರಡೇ ದಿನದಲ್ಲಿ ನನ್ನ ಕಾರಿಗೇ ಬಂದು ಕೂತಿತು. ಅದೃಷ್ಟ ಎಂದುಕೊಂಡೆ.

ನನ್ನ ಮಗಳು ಅನಘಾ ಆಗ ಏಳನೆಯ ತರಗತಿಯಲ್ಲಿದ್ದಳು. ಅವಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಒಂದು ಬೆಳಿಗ್ಗೆ ಶಾಲೆಗೆ ಬಿಡಲು ಕರೆದುಕೊಂಡು ಹೋಗುವಾಗ ಕಾರಿನಲ್ಲಿ ಒಂದು ಸಿಡಿ ಹಾಕಿದಳು. ಹೆಣ್ಣುಮಕ್ಕಳ ಗುಂಪೊಂದು ಬಹಳ ಇಂಪಾಗಿ ಹಾಡುತ್ತಿತ್ತು. ಸಿಡಿಯ ಡಬ್ಬದ ಮೇಲೆ ಅಷ್ಟೂ ಹುಡುಗಿಯರು ಒಂದೇ ಥರದ ಬಿಳಿ ಫ್ರಾಕು ತೊಟ್ಟು ಒಂದೇ ಕಡೆಗೆ ತಲೆ ವಾಲಿಸಿ ನಿಂತಿದ್ದರು. ಸುತ್ತ ನನಗೆ ಓದಲು ಬಾರದ ಅಕ್ಷರಗಳು.

“ಯಾರು ಪುಟ್ಟಾ ಇವ್ರು?”

“ದೇ ಆರ್ ಅ ಕೊರಿಯನ್ ಗ್ರೂಪ್, ಅಪ್ಪಾ. ಬಟ್…”

ಅಷ್ಟರಲ್ಲಿ ಪಕ್ಕದ ಲೇನಿನಿಂದ ಒಂದು ಪಿಕಪ್ ಟ್ರಕ್ಕು ನನ್ನ ಮೂತಿಗೇ ನುಗ್ಗಿತು. ನಾನು ಬ್ರೇಕ್ ಒತ್ತಿ, ಹಾರ್ನ್ ಮಾಡಿ, ಟ್ರಕ್ಕಿನವನನ್ನು ಅಚ್ಚ ಮೈಸೂರು ಕನ್ನಡದಲ್ಲಿ ಬೈದು ಮುಗಿಸುವ ಹೊತ್ತಿಗೆ ಅನಘಾ ಕೂಡ ಹೇಳಬೇಕಾದದ್ದನ್ನು ಹೇಳಿ ಮುಗಿಸಿದ್ದಳು. ‘ಬಟ್’ ಎಂಬುದರ ಮುಂದೆ ಏನು ಬಂತೆಂದು ನಾನು ಕೇಳಲಿಲ್ಲ. ಕೊರಿಯನ್ ಗ್ರೂಪ್ ಎಂದು ಗೊತ್ತಾಗಿತ್ತಲ್ಲ, ನನಗೆ ಅಷ್ಟು ಸಾಕಿತ್ತು.

“ಈ ಸಿಡಿ ನಂಗೆ ಸ್ವಲ್ಪ ದಿನ ಬೇಕು,” ಎಂದೆ. ಅವಳು ನನ್ನನ್ನು ಅನುಮಾನದಿಂದ ನೋಡಿದಳು. ಮಕ್ಕಳು ಕೇಳುವ ಹಾಡು ಅಪ್ಪನಿಗೆ ಇಷ್ಟವಾದರೆ ಅದರ ಮರ್ಯಾದೆ ಹೋಯಿತು ಎಂಬುದು ಆ ವಯಸ್ಸಿನ ನಿಯಮ.

ಗರಾಜಿನಲ್ಲಿ ಕಾರು ನಿಲ್ಲಿಸಿಕೊಂಡು, ಹಾಡನ್ನು ನಿಲ್ಲಿಸಿ ನಿಲ್ಲಿಸಿ, ನಾನು ಅದನ್ನು ಕನ್ನಡಕ್ಕೆ ಇಳಿಸಿದೆ. ಪಲ್ಲವಿ ಹೀಗಿತ್ತು:

*ಆಮೆ ಗಾ ಪುಟ್ಟೆ ಮೋ,*
*ಎಕ್ಕಿನೋ ಮಾಯೆ ದೇ ಮತ್ತೇರು,*
*ಅನಾಥನ ಕೋಟು ದಾಕೆ.*

ಬರೆದು ಓದಿಕೊಂಡಾಗ ನನಗೆ ರೋಮಾಂಚನವಾಯಿತು. ಆಮೆ. ಮಾಯೆ. ಮತ್ತೇರು. ಅನಾಥ. ಒಂದು ಪಲ್ಲವಿಯಲ್ಲಿ ಇಷ್ಟು ಕನ್ನಡ ನಮ್ಮ ಬೆಂಗಳೂರಿನ ಎಫ್ಎಂನಲ್ಲೂ ಸಿಗುವುದಿಲ್ಲ. ಕೊರಿಯಾಕ್ಕೂ ದಕ್ಷಿಣ ಭಾರತಕ್ಕೂ ಹಿಂದೆ ಹಡಗಿನ ಸಂಪರ್ಕವಿತ್ತೆಂದು ಎಲ್ಲೋ ಕೇಳಿದ್ದೆ. ಹಡಗಿನಲ್ಲಿ ಹೋದವರು ಕನ್ನಡಿಗರೇ ಇರಬೇಕು ಎಂಬ ತೀರ್ಮಾನಕ್ಕೆ ಬರಲು ನನಗೆ ಗರಾಜಿನಿಂದ ಅಡುಗೆಮನೆಗೆ ನಡೆಯುವಷ್ಟು ಹೊತ್ತು ಹಿಡಿಯಿತು.

ವೀಣಾ ರೊಟ್ಟಿ ತಟ್ಟುತ್ತಿದ್ದಳು. ಓದಿ ಹೇಳಿದೆ.

“ಅನಾಥನ ಕೋಟು ಯಾಕ ಹಾಡ್ತಾರ್ರಿ ಅವ್ರು?” ಎಂದು ಕೇಳಿದಳು.

“ಬಡವರ ಬಗ್ಗೆ ಕಳಕಳಿ. ಯುದ್ಧ ನೋಡಿದ ದೇಶ ಅದು.”

“ಕೋಟು ಇಂಗ್ಲಿಷ್ ಅಲ್ಲೇನ್ರಿ?”

“ಅಮೆರಿಕದವರು ಹೋಗಿದ್ರಲ್ಲ ಅಲ್ಲಿಗೆ. ಬಿಟ್ಟು ಬಂದಿರ್ತಾರೆ.”

“ಕೋಟನ್ನೋ, ಶಬ್ದಾನೋ?”

ಇಂಥ ಪ್ರಶ್ನೆಗಳಿಗೆ ಸಂಶೋಧಕರು ಉತ್ತರ ಕೊಡುವುದಿಲ್ಲ. ನಾನು ಪಲ್ಲವಿಯನ್ನು ಹಾಡಿ ತೋರಿಸಿದೆ. ವೀಣಾ ತಟ್ಟುತ್ತಿದ್ದ ಕೈ ನಿಲ್ಲಿಸಿ ನನ್ನ ಮುಖವನ್ನು ಕರುಣೆಯಿಂದ ನೋಡಿದಳು. ಮದುವೆಗೆ ಮುಂಚೆ ಅವಳು ಧಾರವಾಡದಲ್ಲಿ ವರ್ಷಗಟ್ಟಲೆ ಹಿಂದೂಸ್ತಾನಿ ಸಂಗೀತ ಕಲಿತವಳು.

“ಮಂಗಳಾರತಿ ಹಾಡು ಸುದ್ದ ನಿಮಗ ಸ್ವರಕ್ಕ ಹತ್ತಂಗಿಲ್ಲ. ಇದೆಲ್ಲಾ ಯಾಕ ಬೇಕ್ರಿ? ಸಿಡಿ ಹಾಕ್ರಿ ನೋಡೋಣ.” ಸಿಡಿ ಹಾಕಿದೆ. ಅವಳು ಕಣ್ಣು ಮುಚ್ಚಿ ಕೇಳಿ, “ಛಲೋ ಅದ. ಭೂಪ ರಾಗ ಇದ್ದಂಗ ಅದ,” ಎಂದು ರೊಟ್ಟಿ ತಿರುವುತ್ತಲೇ ಇಡೀ ಹಾಡನ್ನು ಗುನುಗಿಬಿಟ್ಟಳು. ನಾನು ಅದಕ್ಕೆ ಲಕ್ಷ್ಯ ಕೊಡಲಿಲ್ಲ. ಕೆಲಸ ಉಳಿಯಬೇಕಾದದ್ದು ನನ್ನದು, ಹಾಡಬೇಕಾದವನೂ ನಾನೇ.

ಆಮೇಲೆ ನನ್ನ ಅಭ್ಯಾಸ ಲಿಯಾಂಡರ್‌ನಿಂದ ಆಫೀಸಿನವರೆಗೆ, ಆಫೀಸಿನಿಂದ ಲಿಯಾಂಡರ್‌ನವರೆಗೆ ಕಾರಿನಲ್ಲಿ ನಡೆಯಿತು. ಬರೆದ ಹಾಳೆಯನ್ನು ಸ್ಟಿಯರಿಂಗಿಗೆ ಅಂಟಿಸಿಕೊಂಡಿದ್ದೆ. ಬಲಕ್ಕೆ ತಿರುಗಿದರೆ ಪಲ್ಲವಿ ತಲೆಕೆಳಗಾಗುತ್ತಿತ್ತು. ಒಮ್ಮೆ ಸಿಗ್ನಲ್ಲಿನಲ್ಲಿ ಕಿಟಕಿ ಇಳಿಸಿಕೊಂಡು ‘ಮತ್ತೇರು’ ಎಂದು ಏರು ಸ್ವರ ತೆಗೆದಾಗ ಪಕ್ಕದ ಕಾರಿನ ಮುದುಕಿಯೊಬ್ಬರು ತಮ್ಮ ಕಿಟಕಿ ಇಳಿಸಿ, “ಆರ್ ಯು ಓಕೆ, ಹನಿ?” ಎಂದು ವಿಚಾರಿಸಿದರು. ಟೆಕ್ಸಸ್ ಜನ ಒಳ್ಳೆಯವರು.

ಅನಘಾ ಒಂದು ಸಲ ಬಾಗಿಲಲ್ಲಿ ನಿಂತು ನನ್ನ ಅಭ್ಯಾಸ ನೋಡಿದಳು. ನಾನು ಕನ್ನಡಿಯ ಮುಂದೆ ಸಿಡಿ ಡಬ್ಬದ ಹುಡುಗಿಯರಂತೆ ತಲೆ ವಾಲಿಸುತ್ತಿದ್ದೆ.

“ಅಪ್ಪಾ, ಪ್ಲೀಸ್ ಡೋಂಟ್,” ಎಂದಳು. “ಅದು ಅವರ…”

“ಸುಮ್ನಿರು. ಅಪ್ಪ ಹಾಡಿದ್ರೆ ನಿಂಗೆ ನಾಚಿಕೆ, ಗೊತ್ತು ನಂಗೆ.”

ಅವಳು ಎರಡೂ ಕೈ ಮೇಲೆತ್ತಿ, ‘ನನ್ನ ಕೆಲಸ ನಾನು ಮಾಡಿದ್ದೇನೆ’ ಎನ್ನುವಂತೆ ಹೋಗಿಬಿಟ್ಟಳು.

ಶನಿವಾರ ನಮ್ ಸಾಹೇಬರು ಬಂದರು. ಜೊತೆಗೆ ಅವರ ಹೆಂಡತಿ, ಮತ್ತು ಊರಿನಿಂದ ಮಗನನ್ನು ನೋಡಲು ಬಂದಿದ್ದ ಅವರ ವಯಸ್ಸಾದ ತಂದೆ. ತಂದೆ ಹಳ್ಳಿಯ ಶಾಲೆಯೊಂದರಲ್ಲಿ ಲೆಕ್ಕದ ಮೇಷ್ಟರಾಗಿದ್ದು ನಿವೃತ್ತರಾದವರು. ಇಂಗ್ಲಿಷ್ ಬರುತ್ತಿರಲಿಲ್ಲ. ವೀಣಾ ಅವರನ್ನು ನೋಡಿದವಳೇ, “ಬರ್ರಿ ಅಜ್ಜಾರ, ಕೂಡ್ರಿ,” ಎಂದು ಧಾರವಾಡದ ಕನ್ನಡದಲ್ಲೇ ಕರೆದಳು. ಆಮೇಲೆ ಅಡುಗೆಮನೆಯಲ್ಲಿ ನನಗೆ ಹೇಳಿದಳು: “ನಮ್ ಅವ್ರ ಅಜ್ಜ ಅಂದ್ರ ನಮ್ಮಜ್ಜ ಆದ್ರಲ್ರಿ.”

ಊಟ ಅಮೋಘವಾಗಿ ನಡೆಯಿತು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಜೊತೆಗೆ ವೀಣಾಳ ತವರಿನಿಂದ ಬಂದಿದ್ದ, ಕೆಂಪು ಮೆಣಸಿನಕಾಯಿ ಅರೆದು ಮಾಡಿದ ರಂಜಕ. ಟೆಕ್ಸಸ್‌ನ ಗಂಡಸರು ಅದರ ವಾಸನೆಗೇ ನೀರು ಕೇಳುತ್ತಾರೆ. ಅಜ್ಜ ಒಂದು ಚೂರು ನಾಲಿಗೆಗಿಟ್ಟುಕೊಂಡರು. ಅವರ ಕಣ್ಣು ಅರಳಿತು. ಮಗನ ಕಡೆ ತಿರುಗಿ ಏನೋ ಹೇಳಿದರು.

“ಅಮೆರಿಕಕ್ಕೆ ಬಂದ ಮೇಲೆ ಇದು ಮೊದಲ ಊಟ ಎನ್ನುತ್ತಿದ್ದಾರೆ,” ಎಂದರು ನಮ್ ಸಾಹೇಬರು. ಅವರ ಮುಖದ ಇಸ್ತ್ರಿಯೂ ಒಂದು ಕಡೆ ಸ್ವಲ್ಪ ಮಡಿಕೆ ಬಿದ್ದಂತೆ ಕಂಡಿತು. ಅದು ನಗು.

ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ಇರುತ್ತಿರಲಿಲ್ಲ. ವೀಣಾ ಪಾಯಸದ ಬಟ್ಟಲು ತರುವ ನೆಪದಲ್ಲಿ ನನ್ನ ಕಿವಿಯಲ್ಲಿ, “ಎಲ್ಲಾ ಛಲೋ ಆಗೇದ. ಹಾಡು ಬ್ಯಾಡ್ರಿ,” ಎಂದು ಹೇಳಿದಳು ಕೂಡ. ಆದರೆ ಅಷ್ಟು ದೂರ ಕಾರು ಓಡಿಸಿಕೊಂಡು ಕಲಿತ ವಿದ್ಯೆ ಒಳಗೆ ಕುದಿಯುತ್ತಿತ್ತು. ನಾನು ಎದ್ದು ನಿಂತೆ. ಚಮಚೆಯಿಂದ ಲೋಟ ತಟ್ಟಿದೆ.

“ಗೌರವಾನ್ವಿತ ಅತಿಥಿಗಳೇ,” ಎಂದು ಇಂಗ್ಲಿಷಿನಲ್ಲಿ ಶುರುಮಾಡಿದೆ. “ಭಾಷೆ ಎಂದರೆ ತಾಯಿ. ಇನ್ನೊಬ್ಬರ ತಾಯಿಯನ್ನು ಗೌರವಿಸುವವನು ತನ್ನ ತಾಯಿಯನ್ನೂ ಗೌರವಿಸುತ್ತಾನೆ. ನಿಮ್ಮ ಭಾಷೆಗೂ ನಮ್ಮ ಭಾಷೆಗೂ ಪ್ರಾಚೀನ ಸಂಬಂಧವಿದೆ. ನೀವು ಮಾಯೆ ಎನ್ನುವುದನ್ನು ನಾವೂ ಮಾಯೆ ಎನ್ನುತ್ತೇವೆ.”

ನಮ್ ಸಾಹೇಬರು ಹೆಂಡತಿಯನ್ನು ನೋಡಿದರು. ಮಾಯೆ ಎಂದರೇನೆಂದು ಅವರಿಬ್ಬರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ವಿನಯ ಇರಬೇಕು ಎಂದುಕೊಂಡೆ.

“ಇಂದು ನಿಮ್ಮ ಮಾತೃಭಾಷೆಗೆ ನನ್ನ ಕಾಣಿಕೆ, ಈ ಹಾಡು.”

ಹಾಡಿದೆ. ಆಮೆಯಿಂದ ಶುರುಮಾಡಿ ಕೋಟಿನವರೆಗೆ ಒಂದಕ್ಷರ ಬಿಡದೆ ಹಾಡಿದೆ. ಮೊದಲ ಸಾಲಿಗೆ ನಮ್ ಸಾಹೇಬರು ನಸುನಕ್ಕರು. ಎರಡನೆಯ ಸಾಲಿಗೂ ಅದೇ ನಗು ಹಾಗೇ ಇತ್ತು, ಆದರೆ ಮನೆಯವರು ಬಿಟ್ಟು ಹೋದ ಮನೆಯಲ್ಲಿ ಉರಿಯುವ ದೀಪದ ಹಾಗೆ. ಅವರ ಹೆಂಡತಿ ಕರವಸ್ತ್ರದ ಅಂಚನ್ನು ಎಣಿಸುತ್ತಿದ್ದರು. ಅಜ್ಜ ಚಮಚೆ ಕೆಳಗಿಟ್ಟು ಬೆನ್ನು ನೆಟ್ಟಗೆ ಮಾಡಿ ಕೂತರು. ಕಣ್ಣು ಎವೆಯಿಕ್ಕದೆ ನನ್ನ ಬಾಯನ್ನೇ ನೋಡುತ್ತಿದ್ದರು. ಮುದುಕರ ಮನಸ್ಸು ಕರಗಿತು ಎಂದುಕೊಂಡು ನಾನು ಅವರ ಕಡೆಗೇ ತಿರುಗಿ, ಎದೆಯ ಮೇಲೆ ಕೈಯಿಟ್ಟು, ತಲೆ ವಾಲಿಸಿ, ಚರಣವನ್ನೂ ಹಾಡಿದೆ. ಆಮೇಲೆ ಪಲ್ಲವಿಯನ್ನು ಇನ್ನೊಮ್ಮೆ.

ಮುಗಿಸಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಆಗ ಅಜ್ಜ ಬಾಯಿ ತೆರೆದರು. ನಿಧಾನವಾಗಿ, ಒಂದೊಂದು ಮಾತನ್ನೂ ಎಲ್ಲೋ ಆಳದಿಂದ ಹುಡುಕಿ ತೆಗೆಯುವವರಂತೆ, ನನ್ನನ್ನು ಒಂದು ಪ್ರಶ್ನೆ ಕೇಳಿದರು. ನಾನು ಸತ್ಯಪ್ರಕಾಶ ಕಲಿಸಿದ್ದ ಒಂದೇ ಒಂದು ಪದ ಉಪಯೋಗಿಸಿ, ಸೊಂಟದವರೆಗೆ ಬಾಗಿ, “ಕಾಮ್ಸಾಹಮ್ನಿದಾ,” ಎಂದೆ. ಅಂದರೆ ಧನ್ಯವಾದ. ಅಜ್ಜ ಮತ್ತೆ ಅದೇ ಪ್ರಶ್ನೆ ಕೇಳಿದರು. ನಾನು ಮತ್ತೆ ಬಾಗಿದೆ.

ನಮ್ ಸಾಹೇಬರು ಗಂಟಲು ಸರಿಮಾಡಿಕೊಂಡರು. “ನಮ್ಮ ತಂದೆ ಕೇಳುತ್ತಿದ್ದಾರೆ: ನೀವು ಜಪಾನೀ ಭಾಷೆ ಎಲ್ಲಿ ಕಲಿತಿರಿ?”

ನಾನು ಸೊಂಟ ಬಾಗಿಸಿದವನು ಹಾಗೆಯೇ ಉಳಿದೆ. ಮೇಲೆ ಏಳಲು ಒಂದು ಕಾರಣ ಬೇಕಿತ್ತು, ಸಿಗಲಿಲ್ಲ.

“ಇದು ಜಪಾನೀ ಹಾಡು,” ಎಂದರು ನಮ್ ಸಾಹೇಬರು, ಇನ್ನಷ್ಟು ಸ್ಪಷ್ಟವಾಗಿ. “ನನಗೂ ನನ್ನ ಹೆಂಡತಿಗೂ ಅರ್ಥವಾಗಲಿಲ್ಲ. ತಂದೆಗೆ ಆಯಿತು. ಅವರು ಚಿಕ್ಕವರಿದ್ದಾಗ ನಮ್ಮ ದೇಶವನ್ನು ಜಪಾನಿನವರು ಆಳುತ್ತಿದ್ದರು. ಶಾಲೆಯಲ್ಲಿ ಕೊರಿಯನ್ ಮಾತಾಡಿದರೆ ಮೇಷ್ಟರು ಹೊಡೆಯುತ್ತಿದ್ದರಂತೆ. ಜಪಾನೀ ಭಾಷೆಯಲ್ಲೇ ಹಾಡಬೇಕಿತ್ತು. ಯುದ್ಧ ಮುಗಿದ ಮೇಲೆ ಅವರು ಆ ಭಾಷೆಯ ಒಂದು ಮಾತನ್ನೂ ಆಡಿರಲಿಲ್ಲ.” ತಂದೆಯ ಕಡೆ ತಿರುಗಿ, “ಇವತ್ತಿನವರೆಗೆ,” ಎಂದರು.

ಭೂಮಿ ಬಾಯಿ ಬಿಡಬಾರದೇ ಎಂದು ನಮ್ಮ ಪುರಾಣದವರು ಹೇಳುತ್ತಾರೆ. ನಮ್ಮ ಮನೆಯಲ್ಲಿ ನೆಲಕ್ಕೆ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಕಿತ್ತು. ಆ ಅನುಕೂಲವೂ ಇರಲಿಲ್ಲ.

ಮಹಡಿಯ ಮೆಟ್ಟಿಲಿನ ಮೇಲಿಂದ ಒಂದು ಸ್ವರ ಬಂತು. ಅನಘಾ ಅಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದಳು. “ಐ ಟೋಲ್ಡ್ ಹಿಮ್ ಇನ್ ದ ಕಾರ್,” ಎಂದಳು, ಯಾರನ್ನೂ ಉದ್ದೇಶಿಸದೆ.

“ಏನಂತ ಹೇಳ್ದೆ?” ಎಂದೆ ಕ್ಷೀಣವಾಗಿ.

ಅವಳು ಇಳಿದು ಬಂದು ಇಂಗ್ಲಿಷಿನಲ್ಲಿ ಎಲ್ಲರಿಗೂ ವಿವರಿಸಿದಳು. ಹಾಡುವವರು ಕೊರಿಯನ್ ಹುಡುಗಿಯರೇ. ಆದರೆ ಈ ಸಿಡಿ ಅವರು ಜಪಾನಿನ ಮಾರುಕಟ್ಟೆಗೆಂದು ಜಪಾನೀ ಭಾಷೆಯಲ್ಲಿ ಹಾಡಿ ಬಿಡುಗಡೆ ಮಾಡಿದ್ದು. ಅಲ್ಲಿ ಸಿಡಿ ಕೊಳ್ಳುವ ಜನ ಜಾಸ್ತಿ, ಆದ್ದರಿಂದ ಅಲ್ಲಿಗೇ ಬೇರೆಯಾಗಿ ಹಾಡಬೇಕು. ಶುರುವಿನಲ್ಲಿ ಹುಡುಗಿಯರಿಗೆ ಆ ಭಾಷೆ ಬರುವುದಿಲ್ಲ, ಕೊರಿಯನ್ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ.

“ನೋಡಿ, ನಾನೂ ಅದನ್ನೇ ಮಾಡಿದ್ದು,” ಎಂದು ನಾನು ತಲೆಯೆತ್ತಿದೆ.

“ಅವರು ಯಾವ ಭಾಷೆ ಅಂತ ಗೊತ್ತಿದ್ದು ಮಾಡ್ತಾರೆ ಅಪ್ಪಾ,” ಎಂದಳು. ಅವಳು ನಮ್ಮ ಮನೆಯಲ್ಲಿ ಪೂರ್ತಿ ಕನ್ನಡದಲ್ಲಿ ಆಡಿದ ಮೊದಲ ದೊಡ್ಡ ವಾಕ್ಯ ಅದು. ಹೆಮ್ಮೆಪಡಲು ಸರಿಯಾದ ಸಮಯವಾಗಿರಲಿಲ್ಲ.

ಮಿಸೆಸ್ ನಮ್ ಸಂಕೋಚದಿಂದ ಹಾಡಿನ ಅರ್ಥ ಕೇಳಿದರು. ಇಂಟರ್‌ನೆಟ್‌ನಲ್ಲಿ ಅನುವಾದ ಓದಿಕೊಂಡಿದ್ದ ಅನಘಾ ಅದನ್ನೂ ಹೇಳಿದಳು. ಅದು ಹುಡುಗಿಯೊಬ್ಬಳು ತನ್ನ ಹುಡುಗನಿಗೆ ಹೇಳುವ ಮಾತು. ಆಮೆ ಎಂದರೆ ಮಳೆ. ಮಾಯೆ ಎಂದರೆ ಎದುರು. ಮತ್ತೇರು ಎಂದರೆ ಕಾಯುತ್ತಿದ್ದೇನೆ. ‘ಮಳೆ ಬಂದರೂ ಸ್ಟೇಷನ್ನಿನ ಎದುರು ಕಾಯುತ್ತಿದ್ದೇನೆ, ನಿನ್ನದೇ ನೆನಪಿನಲ್ಲಿ.’ ಅನಾಥನೂ ಇರಲಿಲ್ಲ, ಅವನಿಗೆ ಕೋಟೂ ಇರಲಿಲ್ಲ.

ಅಂದರೆ ನಾನು ನನ್ನ ಬಾಸಿನ ಎಪ್ಪತ್ತು ದಾಟಿದ ತಂದೆಯ ಕಣ್ಣಲ್ಲಿ ಕಣ್ಣಿಟ್ಟು, ಎದೆಯ ಮೇಲೆ ಕೈಯಿಟ್ಟು, ಅವರು ಹೊಡೆಸಿಕೊಂಡು ಕಲಿತ ಭಾಷೆಯಲ್ಲಿ ಅವರಿಗೆ ಪ್ರೇಮ ನಿವೇದನೆ ಮಾಡಿದ್ದೆ. ಪಲ್ಲವಿಯನ್ನು ಎರಡು ಸಲ.

ನಮ್ ಸಾಹೇಬರು ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದರು: “ಮಿಸ್ಟರ್ ಮೋಹನ್, ಬೋರ್ಡಿನ ಮೇಲೆ ನೀವು ಬರೆದ ಎರಡು ಅಕ್ಷರ ನನಗೆ ನೆನಪಿದೆ. ನೀವು ಹೇಳಿದ್ದು ನಿಜ. ನೋವಾಗುತ್ತದೆ.”

‘ಸಾರಿ’ ಎಂದೆ. ಈ ಸಲ ನಿಜವಾಗಿಯೇ ಹೇಳಿದೆ. ಅಜ್ಜನ ಮುಂದೆ ಹೋಗಿ, ಬಾಗದೆ, ಬರೀ ಕೈಮುಗಿದು ನಿಂತೆ.

ಅಜ್ಜ ಆಗಲೇ ಬೇರೆ ಯೋಚನೆಯಲ್ಲಿದ್ದರು. ಮಗನನ್ನು ಏನೋ ಕೇಳಿದರು, ಮಗ ಅನಘಾಳನ್ನು ಕೇಳಿದರು: “ಆ ಹುಡುಗಿಯರು ನಮ್ಮ ದೇಶದವರೇ ತಾನೇ?” ಹೌದು ಎಂದಳು. “ಜಪಾನಿನವರು ದುಡ್ಡು ಕೊಟ್ಟು ಕೊಳ್ಳುತ್ತಾರಾ?” ಹೌದು, ಕ್ಯೂ ನಿಂತು ಕೊಳ್ಳುತ್ತಾರೆ ಎಂದಳು. ಅಜ್ಜ ಸಿಡಿ ಡಬ್ಬವನ್ನು ತರಿಸಿಕೊಂಡು ಕನ್ನಡಕ ಮೇಲೇರಿಸಿ ಬಿಳಿ ಫ್ರಾಕಿನ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಆಮೇಲೆ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಎಂದು ವೀಣಾ ನೀರು ತರಲು ಓಡಿದಳು. ಅಳು ಅಲ್ಲ, ನಗು. ಕೆಮ್ಮು ಬರುವವರೆಗೆ ನಕ್ಕರು.

“ನಮ್ಮನ್ನು ಹೊಡೆದು ಪುಕ್ಕಟೆ ಹಾಡಿಸಿದರು,” ಎಂದು ಮಗ ಅನುವಾದಿಸಿದರು. “ಈಗ ನಮ್ಮ ಹುಡುಗಿಯರು ಹಾಡಿ, ಅವರಿಂದಲೇ ಕಾಸು ಕೀಳುತ್ತಿದ್ದಾರೆ. ಒಳ್ಳೇ ಹುಡುಗಿಯರು.”

ಅಜ್ಜ ಹಾಡನ್ನು ಇನ್ನೊಮ್ಮೆ ಕೇಳಬೇಕೆಂದರು. ನಾನು ಉತ್ಸಾಹದಿಂದ ಎದ್ದೆ. ಐದು ಜನ ಒಟ್ಟಿಗೆ ‘ನೋ’ ಎಂದರು, ಭಾಷೆ ಬಾರದ ಅಜ್ಜನೂ ಸೇರಿ. ಸಿಡಿ ಹಾಕಿದರು. ವೀಣಾ ಪಾಯಸ ಬಡಿಸುತ್ತ ತನ್ನ ಪಾಡಿಗೆ ತಾನು ಗುನುಗುತ್ತಿದ್ದಳು. ಅಜ್ಜ ಸಿಡಿ ನಿಲ್ಲಿಸಲು ಸನ್ನೆ ಮಾಡಿ, ನೀನು ಹಾಡಮ್ಮ ಎನ್ನುವಂತೆ ಕೈ ತೋರಿಸಿದರು. ಅವಳು ಸೆರಗು ಸರಿಮಾಡಿಕೊಂಡು, ಸೌಟು ಕೈಯಲ್ಲಿ ಹಿಡಿದೇ, ಭೂಪ ರಾಗದ ಒಂದೆರಡು ಸ್ವರ ತೆಗೆದು ಹಾಡು ಶುರುಮಾಡಿದಳು. ಶಬ್ದ ಎಷ್ಟು ಸರಿಯಿತ್ತೋ ಗೊತ್ತಿಲ್ಲ. ಅಜ್ಜ ನಡುನಡುವೆ ತಿದ್ದುತ್ತಿದ್ದರು, ಅವಳು ತಿದ್ದಿಕೊಂಡು ಹಾಡುತ್ತಿದ್ದಳು. ಮಳೆ ಬಂತು, ಸ್ಟೇಷನ್ ಬಂತು, ಯಾರೋ ಕಾಯುತ್ತಿದ್ದಾರೆ ಎಂದು ನನಗೂ ಆಗಲೇ ತಿಳಿದದ್ದು. ಮುಗಿದಾಗ ನಮ್ ಸಾಹೇಬರ ಮುಖದಲ್ಲಿ ಇಸ್ತ್ರಿ ಪೂರ್ತಿ ಹೋಗಿತ್ತು.

ಹೋಗುವಾಗ ಅಜ್ಜ ರಂಜಕದ ಬಾಟಲಿ ಇಸಿದುಕೊಂಡರು. ವೀಣಾಳ ತಲೆ ಸವರಿದರು. ನನ್ನ ಭುಜ ತಟ್ಟಿದರು, ಲೆಕ್ಕದಲ್ಲಿ ಸೊನ್ನೆ ತೆಗೆದ ಹುಡುಗನನ್ನು ಮೇಷ್ಟರು ತಟ್ಟುವ ಹಾಗೆ.

ಸೋಮವಾರ ನಮ್ ಸಾಹೇಬರು ನನ್ನನ್ನು ಒಳಗೆ ಕರೆದರು. ನಾನು ಮೇಜಿನ ಮೇಲಿದ್ದ ಮಗಳ ಫೋಟೋವನ್ನು ಮೊದಲೇ ಬ್ಯಾಗಿಗೆ ಹಾಕಿಕೊಂಡು ಹೋದೆ. ಸತ್ಯಪ್ರಕಾಶ ದೂರದಿಂದಲೇ ಅನುಭವಸ್ಥನ ಕಣ್ಣಲ್ಲಿ ನನ್ನನ್ನು ಬೀಳ್ಕೊಟ್ಟ.

“ಕೂತುಕೊಳ್ಳಿ,” ಎಂದರು. “ನಿಮ್ಮ ಟೀಮಿನಿಂದ ಯಾರನ್ನೂ ತೆಗೆಯುವುದಿಲ್ಲ. ಆ ನಿರ್ಧಾರ ನಾನು ನಿಮ್ಮ ಮನೆಗೆ ಬರುವ ಮುಂಚೆಯೇ ಆಗಿತ್ತು.”

“ಹಾಗಾದ್ರೆ ಹಾಡದಿದ್ದರೂ ನನ್ನ ಕೆಲಸ ಉಳಿಯುತ್ತಿತ್ತಾ ಸರ್?”

“ಹಾಡದಿದ್ದರೆ ಸುಲಭವಾಗಿ ಉಳಿಯುತ್ತಿತ್ತು,” ಎಂದರು ನಮ್ ಸಾಹೇಬರು. “ಹಾಡಿದ ಮೇಲೆ ಉಳಿಸಲು ನಾನು ಭಾನುವಾರವೆಲ್ಲ ಯೋಚನೆ ಮಾಡಬೇಕಾಯಿತು.”

ಅದು ತಮಾಷೆಯೋ ನಿಜವೋ ಎಂದು ಅವರ ಮುಖ ನೋಡಿದೆ. ಮತ್ತೆ ಇಸ್ತ್ರಿ ಬಿದ್ದಿತ್ತು.

ನಾನು ಬಾಗಿಲವರೆಗೆ ಹೋದಾಗ ಕರೆದರು. ಕೊರಿಯನ್ನರ ಹೊಸ ವರ್ಷಕ್ಕೆ ಆಫೀಸಿನಲ್ಲಿ ಒಂದು ಊಟ ಇಟ್ಟಿದ್ದಾರೆ, ತಂದೆ ಊರಿಗೆ ಹೊರಡುವ ಮುಂಚೆ ಅದಕ್ಕೆ ಬರುತ್ತಾರೆ, ಆ ದಿನ ಒಂದು ಸಂಗೀತ ಕಾರ್ಯಕ್ರಮ ಬೇಕು ಎಂದರು. ನನ್ನ ಎದೆ ಉಬ್ಬಿತು. ಗಂಟಲು ಸರಿಮಾಡಿಕೊಂಡೆ.

“ನಿಮ್ಮ ಹೆಂಡತಿಯನ್ನು ಕೇಳಿ ಹೇಳಿ,” ಎಂದರು.

ವೀಣಾ ಒಪ್ಪಿದಳು. ಅಜ್ಜ ಫೋನಿನಲ್ಲಿ ಅವಳಿಗೆ ತಮ್ಮ ಊರ ಕಡೆಯ ಒಂದು ಜೋಗುಳ ಕಲಿಸಿದರು. ಅದು ಕೊರಿಯನ್ ಎಂದು ಅನಘಾ ಎರಡು ಸಲ ಖಚಿತಪಡಿಸಿಕೊಂಡಳು. ಆ ದಿನ ವೀಣಾ ಧಾರವಾಡ ಸೀರೆ ಉಟ್ಟು, ಹಾರ್ಮೋನಿಯಂ ಮುಂದಿಟ್ಟುಕೊಂಡು ಹಾಡಿದಾಗ ಆಫೀಸಿನ ಕೊರಿಯನ್ನರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಾರ್ಮೋನಿಯಂ ಹೊತ್ತು ತಂದವನು ನಾನು. ಬಾಗಿಲಲ್ಲಿ ಹೆಸರಿನ ಬ್ಯಾಡ್ಜು ಹಂಚುತ್ತಿದ್ದ ಹೊಸ ರಿಸೆಪ್ಷನಿಸ್ಟ್ ಹುಡುಗಿ ವೀಣಾಗೆ ಹೂವಿನ ಚಿತ್ರದ ಬ್ಯಾಡ್ಜು ಕೊಟ್ಟು, ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಂದು ಖಾಲಿ ಚೀಟಿಯ ಮೇಲೆ ಪೆನ್ನಿನಲ್ಲಿ ಬರೆದು ಕೊಟ್ಟಳು. ಅಷ್ಟು ವರ್ಷ ಅದೇ ಕಂಪನಿಯಲ್ಲಿ ದುಡಿದ ನಾನು ಆ ಮಧ್ಯಾಹ್ನವೆಲ್ಲ ಅದನ್ನು ಎದೆಗೆ ಅಂಟಿಸಿಕೊಂಡು ಓಡಾಡಿದೆ: ‘ಗಾಯಕಿಯ ಸಾಮಾನಿನವರು.’